ಉರಿಯೂತವಿಲ್ಲದ ತಿಥಿ

ದುಃಖದ ಮೂಲವನ್ನು ಹುಡುಕಿಕೊಂಡು ರಾಜಕುಮಾರರು ಅರಮನೆ ಬಿಟ್ಟರು, ಋಷಿಗಳ ಮೈಮೇಲೆ ಹುತ್ತ ಬೆಳೆಯಿತು. ಮತ್ತಿಕೆರೆಯ ಸಿದ್ರಾಮಪ್ಪನವರಿಗೆ ಅದು ಭಾನುವಾರದ ಪುರವಣಿಯಲ್ಲಿ ಸಿಕ್ಕಿಬಿಟ್ಟಿತು! ಅದೂ ಕುರ್ಚಿ ಬಿಟ್ಟು ಏಳದೆ, ಕಾಲಿನ ಮೇಲೆ ಕಾಲು ಹಾಕಿಕೊಂಡು!

"ಗಂಗಾ! ಸಿಕ್ತು! ಸಿಕ್ಕೇಬಿಡ್ತು!"

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಏನ್ ಸಿಕ್ತ್ರಿ? ಕನ್ನಡಕಾ?"

"ದುಃಖದ ಮೂಲ!"

"ಅಯ್ಯ, ನಾ ಕನ್ನಡಕ ಅಂದ್ಕೊಂಡಿದ್ದೆ" ಎಂದರು ಗಂಗಾದೇವಿ. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಸಿದ್ರಾಮಪ್ಪನವರು ಕಲಬುರಗಿ ಕಡೆಯವರು. ಕಾಲೇಜೊಂದರ ಗ್ರಂಥಪಾಲಕರಾಗಿ ಬೆಂಗಳೂರಿಗೆ ಬಂದು, ಮತ್ತಿಕೆರೆಯ ಹಳೇ ಊರಿನೊಳಗೆ ಅನಂತರಾಜು ಎಂಬುವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದು, ಅಲ್ಲೇ ನಿವೃತ್ತರೂ ಆದರು. ಜೀವನವಿಡೀ ಬೇರೆಯವರಿಗೆ ಪುಸ್ತಕ ಕೊಟ್ಟವರಾದ್ದರಿಂದ, ತಾವು ಏನಾದರೂ ಓದಿದರೆ ಅದನ್ನು ಯಾರಿಗಾದರೂ ಕೊಡದೆ ಅವರಿಗೆ ನಿದ್ದೆ ಹತ್ತುವುದಿಲ್ಲ. ಪುರವಣಿ ಹಿಡಿದುಕೊಂಡು ಅಡುಗೆಮನೆಗೇ ನಡೆದರು.

"ಕೇಳಿಲ್ಲಿ. ನಮ್ಮ ಒಳಗ ಉರಿಯೂತ ಅಂತ ಒಂದು ಇರ್ತದಂತ."

"ಉರಿಯೂತ ಅಂದ್ರ ಉರಿಯೋ ಊಟ ಏನ್ರಿ?"

"ಅಲ್ಲ! ಗಾಯ ಆದಾಗ ಕೆಂಪಗಾಗಿ ಬಾತ್ಕೋತದಲ್ಲ, ಅದು. ಅಂಥಾದ್ದೇ ಉರಿ ಕಣ್ಣಿಗಿ ಕಾಣದಂಗ ಮೈಯೊಳಗ ಸಣ್ಣಗ ಹತ್ಕೊಂಡಿರ್ತದ. ಕರಿದಿದ್ದು, ಸಕ್ಕರಿ, ಮೈದಾ, ಇವೆಲ್ಲ ಅದಕ್ಕ ಗಾಳಿ ಹಾಕ್ತಾವ. ಇಂಥಾವು ಜಾಸ್ತಿ ತಿನ್ನೋ ದೊಡ್ಡೋರಿಗೆ ಖಿನ್ನತೆನೂ ಜಾಸ್ತಿ ಅಂತ ವಿದ್ವಾಂಸರು ಕಂಡುಹಿಡಿದಾರ! ಏನದ್ಭುತ ನೋಡು! ಬಾಯಾಗ ಹಾಕಿದ್ದು ಮನಸ್ಸಿಗಿ ಹೋಗಿ ಮುಟ್ತದ!"

ಗಂಗಾದೇವಿ ರೊಟ್ಟಿ ತಿರುವಿ ಹಾಕಿದರು. "ಬ್ಯಾಸರಾದವ್ರೇ ಬಜ್ಜಿ ಜಾಸ್ತಿ ತಿಂತಿರಬಹುದಲ್ರಿ? ನನ್ನ ತಂಗಿ ಅತ್ತಿ ಕೂಡ ಜಗಳಾಡಿದಾಗೆಲ್ಲ ಡಬ್ಬಿ ಖಾಲಿ ಮಾಡ್ತಿದ್ದಳು. ಡಬ್ಬಿ ಖಾಲಿ ಆದದ್ದಕ್ಕ ಜಗಳ ಆತು ಅನ್ಲಿಕ್ಕೆ ಆಗ್ತದೇನು?"

ಇದೇ ಅನುಮಾನವನ್ನು ಲೇಖನದ ಕೊನೆಯ ಪ್ಯಾರಾ ಕೂಡ ಎತ್ತಿತ್ತು. ಎರಡಕ್ಕೂ ನಂಟಿದೆ, ಆದರೆ ಯಾವುದರಿಂದ ಯಾವುದು ಎಂದು ಇನ್ನೂ ಖಚಿತವಾಗಿ ಹೇಳಲಾಗದು ಎಂದು ಅಲ್ಲಿ ಸ್ಪಷ್ಟವಾಗಿ ಬರೆದಿತ್ತು. ದುರದೃಷ್ಟವಶಾತ್ ಕೊನೆಯ ಪ್ಯಾರಾ ಮುಂದಿನ ಹಾಳೆಗೆ ಹೋಗಿತ್ತು. ಆ ಹಾಳೆ ಅಷ್ಟು ಹೊತ್ತಿಗಾಗಲೇ ಬಿಸಿ ರೊಟ್ಟಿಗಳ ಅಡಿಗೆ ಹೋಗಿ ಸೇರಿತ್ತು.

"ನಿನಗ ಸಂಶೋಧನೆ ತಿಳಿಯೋದಿಲ್ಲ" ಎಂದರು ಸಿದ್ರಾಮಪ್ಪನವರು.

ಅವರು ದುಃಖದ ಮೂಲ ಹುಡುಕುತ್ತಿದ್ದುದು ಹವ್ಯಾಸಕ್ಕಾಗಿ ಅಲ್ಲ. ಹಿಂದಿನ ಮಳೆಗಾಲದಲ್ಲಿ ಅನಂತರಾಜು ತೀರಿಕೊಂಡಿದ್ದರು. ಡೆಂಗಿ. ಒಂದು ಸಂಜೆ ಮೈ ಬಿಸಿಯಾಗಿದೆ ಎಂದು ಮಲಗಿದ ಮನುಷ್ಯ ಮತ್ತೆ ಮೆಟ್ಟಿಲ ಹತ್ತಿರ ಬಂದು "ಗುರೂ, ಇಳೀತೀಯೋ, ನಾನೇ ಹತ್ಲೋ?" ಎಂದು ಕೂಗಲಿಲ್ಲ.

ಹೆಸರಿಗೆ ಅವರು ಮನೆ ಮಾಲೀಕರು, ಇವರು ಬಾಡಿಗೆಯವರು. ಆದರೆ ದಿನಾ ಸಂಜೆ ಇಬ್ಬರೂ ಕೂಡಿಯೇ 'ವಾಕಿಂಗ್' ಹೊರಡುತ್ತಿದ್ದರು. ಅನಂತರಾಜು ಹುಟ್ಟಿದ್ದು ಮತ್ತಿಕೆರೆ ಇನ್ನೂ ಹಳ್ಳಿಯಾಗಿದ್ದಾಗ. "ಈ ಎಟಿಎಂ ಐತಲ್ಲ ಗುರು, ಇಲ್ಲಿ ನಮ್ಮ ಎಮ್ಮೆ ಕಟ್ತಿದ್ವಿ. ಆವಾಗ್ಲೂ ಅಷ್ಟೇ, ಒಂದೊಂದ್ ದಿನ ಕೊಡ್ತಿರ್ಲಿಲ್ಲ" ಎಂದು ಹೇಳುತ್ತ ಹೋಗುತ್ತಿದ್ದರು. ಆ ನಡಿಗೆಯೆಲ್ಲ ಮುಗಿಯುತ್ತಿದ್ದುದು ಬಸ್ ನಿಲ್ದಾಣದ ಮೂಲೆಯಲ್ಲಿ, ಲಕ್ಕಣ್ಣನ ಬಜ್ಜಿ ಗಾಡಿಯ ಮುಂದೆ. ಅಲ್ಲಿ ಸಿದ್ರಾಮಪ್ಪನವರು ಒಂದು ತಟ್ಟೆ ಮೆಣಸಿನಕಾಯಿ ಬಜ್ಜಿ ತೆಗೆದುಕೊಳ್ಳುತ್ತಿದ್ದರು. ಅನಂತರಾಜು ತೆಗೆದುಕೊಳ್ಳುತ್ತಿರಲಿಲ್ಲ. ಶುಗರ್ ಇತ್ತು. ಇನ್ನು ಬಜ್ಜಿಯ ತಟ್ಟೆ ಹಿಡಿಯುವುದಿಲ್ಲ ಎಂದು ಹೆಂಡತಿ ವೇದಾ ಅವರಿಗೆ ಮನೆದೇವರ ಮೇಲೆ ಆಣೆ ಮಾಡಿ ಕೊಟ್ಟಿದ್ದರು.

ಗೆಳೆಯ ಹೋದ ಮೇಲೆ ವಾಕಿಂಗ್ ನಿಂತಿತು. ಸಿದ್ರಾಮಪ್ಪನವರು ಸಂಜೆಯಾದರೆ ಕುರ್ಚಿಯಲ್ಲಿ ಕೂತು ಪುಸ್ತಕ ಬಿಚ್ಚುತ್ತಿದ್ದರು. ಕತ್ತಲಾದ ಮೇಲೂ ಪುಸ್ತಕ ಅದೇ ಪುಟದಲ್ಲಿರುತ್ತಿತ್ತು. ದೀಪ ಹಾಕಲು ಬಂದ ಗಂಗಾದೇವಿ ಆ ಪುಟವನ್ನೂ ಆ ಮುಖವನ್ನೂ ನೋಡಿ, ದೀಪ ಹಾಕಿ ಹೋಗುತ್ತಿದ್ದರು.

ಈಗ ಆ ಮುಖದಲ್ಲಿ ವರ್ಷದ ಮೇಲೆ ಬೆಳಕು ಬಂದಿತ್ತು! ಗೆಳೆಯನಿಲ್ಲದ ದುಃಖಕ್ಕೆ ಜಗತ್ತಿನಲ್ಲಿ ಮದ್ದಿಲ್ಲ. ಎಣ್ಣೆಯ ದುಃಖಕ್ಕಾದರೆ ಇದೆ! ಸಿದ್ರಾಮಪ್ಪನವರು ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಬಲಗೈ ಮೇಲೆತ್ತಿ ಘೋಷಿಸಿದರು:

"ಇವತ್ತಿನಿಂದ ಈ ಮನಿಯೊಳಗ ಕರಿದ ಪದಾರ್ಥ ಕಾಲಿಡಂಗಿಲ್ಲ! ನನ್ನ ಖಿನ್ನತೆಯನ್ನ ನಾನು ಬೇರುಸಮೇತ ಕಿತ್ತು ಒಗೀತೀನಿ!"

"ಅಲ್ರೀ, ಅನಂತಣ್ಣ ಹೋದಾಗಿಂದ ನೀವು ಬಜ್ಜಿ ಮುಟ್ಟೇ ಇಲ್ಲ. ವರ್ಷಾತು. ಮತ್ತ ಬಜ್ಜಿಯಿಂದ ಹ್ಯಾಂಗ ಖಿನ್ನತೆ ಆಗ್ತದ?"

ಸಿದ್ರಾಮಪ್ಪನವರು ಕ್ಷಣಕಾಲ ತಡವರಿಸಿದರು. ಒಂದೇ ಕ್ಷಣ.

"ಹಳೇ ಬಜ್ಜಿ! ಒಳಗ ಸಂಗ್ರಹ ಆಗಿರ್ತಾವ!"

ಎಣ್ಣೆಯ ಕ್ಯಾನು ಮನೆಯಿಂದ ಹೊರಗೆ ಹೋಗಬೇಕೆಂದು ಆಜ್ಞೆಯಾಯಿತು. "ಆತ್ರಿ" ಎಂದರು ಗಂಗಾದೇವಿ. ಮಧ್ಯಾಹ್ನದ ಹೊತ್ತಿಗೆ ಕ್ಯಾನು ಕಾಣೆಯಾಗಿತ್ತು. ಮದುವೆಯಾದಂದಿನಿಂದ ಈಚೆಗೆ ಆಕೆ ಇಷ್ಟು ಬೇಗ ಒಪ್ಪಿಕೊಂಡದ್ದು ಅದೇ ಮೊದಲು. ಇಷ್ಟೆಲ್ಲ ಇತಿಹಾಸ ಓದಿದವರಿಗೆ ಅಲ್ಲೇ ಅನುಮಾನ ಬರಬೇಕಿತ್ತು.

ಬರಲಿಲ್ಲ. ಅವರು ಚೀಲ ಹಿಡಿದು ಹೆಬ್ಬಾಳದ ಕಡೆಯ ದೊಡ್ಡ ಅಂಗಡಿಗೆ ಹೋಗಿ ಓಟ್ಸ್, ಕಿನೊವಾ ಎಂಬ ಹೊಸ ಧಾನ್ಯ, ಅಕ್ರೋಟು, ಒಣಗಿಸಿದ ಪರದೇಶಿ ಹಣ್ಣು, ಮತ್ತು ಹೊಳೆಯುವ ಪೊಟ್ಟಣದಲ್ಲಿ ಮಹೌಷಧಿಯಂಥ ಕಂದು ಬಣ್ಣದ ಒಂದು ಬೀಜವನ್ನು ತಂದರು. ಗಂಗಾದೇವಿ ಪೊಟ್ಟಣ ಹರಿದು, ಎರಡು ಕಾಳು ಬಾಯಿಗೆ ಹಾಕಿಕೊಂಡು, ಗಂಡನನ್ನೇ ನೋಡಿದರು.

"ಇದು ನಮ್ಮ ಅಗಸಿ ಅಲ್ರೀ?"

"ಇಲ್ಲಿ ಫ್ಲ್ಯಾಕ್ಸ್ ಅಂತ ಬರದಾರ."

"ನಿನ್ನೆ ರೊಟ್ಟಿ ಕೂಡ ಅಗಸಿ ಚಟ್ನಿ ಹಚ್ಚಿದ್ದೆ. 'ಏನ್ ದಿನಾ ಇದೇ' ಅಂತ ತಟ್ಟಿ ಸರಿಸಿದ್ರಿ. ಇಂಗ್ಲಿಷಿನಾಗ ಬಂದ್ರ ಔಷಧ ಆಗ್ತದೇನು?"

ಸಿದ್ರಾಮಪ್ಪನವರು ಈ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ಕಥೆ ಒಂದು ಮನೆಯ ಸಾರು ಸಪ್ಪೆಯಾದ ಕಥೆಯಾಗಿ ಮುಗಿಯುತ್ತಿತ್ತು. ಆದರೆ ಅದೇ ವಾರ ಕೆಳಗಿನ ಮನೆಯಿಂದ ವೇದಾ ಮೆಟ್ಟಿಲು ಹತ್ತಿ ಬಂದರು.

"ಸಿದ್ರಾಮಣ್ಣ, ಬರೋ ಗುರುವಾರ ಇವ್ರ ವರ್ಷದ ತಿಥಿ. ಎಡೆಗೆ ಏನೇನ್ ಇಡ್ಬೇಕು ಅಂತ ಕೇಳಕ್ ಬಂದೆ. ಅವ್ರಿಗೆ ಇಷ್ಟ ಆಗಿದ್ದೇ ಇಡ್ಬೇಕಲ್ವಾ. ದಿನಾ ಜೊತೇಲಿದ್ದೋರು ನೀವು."

ಗಂಗಾದೇವಿ ಕುರ್ಚಿ ಎಳೆದುಕೊಟ್ಟರು. ವೇದಾ ಅದರ ಅಂಚಿನಲ್ಲಿ ಕುಳಿತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು.

"ನಾನ್ ಕೊಟ್ಟಿದ್ದೆಲ್ಲಾ ಬರೀ ಸಪ್ಪೆ ಅಣ್ಣ. ಶುಗರ್ ಶುಗರ್ ಅಂತ ಹಬ್ಬದ್ ದಿನ ಕೂಡ ಒಂದ್ ಒಬ್ಬಟ್ಟು ಬಡಿಸ್ಲಿಲ್ಲ. ಆಸ್ಪತ್ರೆಗ್ ಹೋಗೋವಾಗ್ಲೂ ಗಂಜಿ ಕುಡಿಸೇ ಕಳಿಸ್ದೆ. ಅವ್ರು ನನ್ ಮೇಲೆ ಬೇಜಾರ್ ಮಾಡ್ಕೊಂಡೇ ಹೋದ್ರೇನೋ ಅನ್ಸುತ್ತೆ. ಕಾಗೆ ಬಂದು ಎಡೆ ಮುಟ್ಟಿದ್ರೆ ಸಾಕು, ನಂಗ್ ಸಮಾಧಾನ ಆಗುತ್ತೆ."

ಆ ಗಳಿಗೆಯಲ್ಲಿ 'ಬಜ್ಜಿ' ಎಂಬ ಎರಡಕ್ಷರ ಸಿದ್ರಾಮಪ್ಪನವರ ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಬಜ್ಜಿಯ ವಿಷಯದಲ್ಲಿ ಗೆಳೆಯನ ಒಂದು ಗುಟ್ಟು ಅವರ ಹತ್ತಿರವಿತ್ತು, ಅದನ್ನು ಆಡುವಂತಿರಲಿಲ್ಲ. ಜೊತೆಗೆ ಎದೆಯ ಮೇಲಿನ ಜೇಬಿನಲ್ಲಿ ಪುರವಣಿಯ ಕತ್ತರಿಕೆ ಬೇರೆ ಇತ್ತು. ಬಜ್ಜಿ ಎರಡಕ್ಷರ ಒಳಗೆ ಹೋಯಿತು, ಕತ್ತರಿಕೆ ಹೊರಗೆ ಬಂತು.

"ವೇದಮ್ಮ, ತಿಥಿ ಅಂದ್ರೆ ಏನು? ದುಃಖದಾಗಿರೋ ಜನ ಬಂದು ಕೂತು ಉಣ್ಣೋದು. ಅಂಥವ್ರಿಗೆ ವಡೆ, ಒಬ್ಬಟ್ಟು ಬಡಿಸಿದ್ರೆ ಏನಾಗ್ತದೆ? ಉರಿಯೂತ! ಬಂದಾಗ ಇದ್ದದ್ದಕ್ಕಿಂತ ಹೆಚ್ಚು ದುಃಖ ಹೊತ್ಕೊಂಡು ಮನೆಗೆ ಹೋಗ್ತಾರೆ! ಅನಂತರಾಜುವಿನ ತಿಥಿ ಹಾಗೆ ಆಗಬಾರದು. ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಮೈದಾ ಇಲ್ಲ. ಇಡೀ ಬೆಂಗಳೂರಿನಲ್ಲೇ ಮೊಟ್ಟಮೊದಲ ಉರಿಯೂತರಹಿತ ತಿಥಿ!"

"ಕಾಗೆ ಮುಟ್ಟುತ್ತಾ ಅಣ್ಣ?"

"ಮುಟ್ಟದಿದ್ರೆ ನನ್ನ ಹೆಸರು ಸಿದ್ರಾಮಪ್ಪ ಅಲ್ಲ!"

ಗಂಗಾದೇವಿ ಬಾಗಿಲ ಹಿಂದೆ ಹಣೆ ಹಣೆ ಬಡಿದುಕೊಂಡರು. ಆದರೆ ವೇದಾ ಒಪ್ಪಿದರು. ಓದಿಕೊಂಡವರ ಮಾತು, ಅದರಲ್ಲೂ ಗೆಳೆಯನ ಮಾತು. ಕೆಳಗಿನ ಮನೆಯ ಎಣ್ಣೆಯೂ ಯಾವುದೋ ನೆಂಟರ ಪಾಲಾಯಿತು.

ಗುರುವಾರ ಬಂತು. ನಡುಮನೆಯಲ್ಲಿ ಅನಂತರಾಜು ಫೋಟೋದೊಳಗಿಂದ ಮೀಸೆಯಡಿಯಲ್ಲಿ ನಗುತ್ತಿದ್ದರು. ಜಕ್ಕೂರಿನಿಂದ ಅವರ ಚಿಕ್ಕಪ್ಪ ಮುನಿಆಂಜಿನಪ್ಪ ಬಂದಿದ್ದರು. ಮುಂಡಾಸು, ಊರುಗೋಲು, ಎತ್ತರದ ದನಿ. ಮನೆಯ ಹಿರಿಯರು ಅವರೇ. ಬಂದವರೇ ಅಡುಗೆಯ ಕಡೆ ಮೂಗು ಎತ್ತಿ ಗಾಳಿ ಎಳೆದುಕೊಂಡರು.

"ವೇದಾ, ಇದೇನವ್ವಾ, ತಿಥಿ ಮನೇಲಿ ಎಣ್ಣೆ ವಾಸ್ನೆನೇ ಇಲ್ವಲ್ಲ! ತಿಥಿ ನಾಳೇನಾ?"

"ಇವತ್ತೇ ಚಿಕ್ಕಪ್ಪ. ಸಿದ್ರಾಮಣ್ಣ ಹೇಳಿದ್ ಥರ ಮಾಡಿದ್ದೀವಿ."

ಸಿದ್ರಾಮಪ್ಪನವರು ಮುಂದೆ ಬಂದು, ಕಣ್ಣಿಗೆ ಕಾಣದ ಒಳಗಿನ ಉರಿಯ ವಿಷಯ ವಿವರಿಸಿದರು. ಮುನಿಆಂಜಿನಪ್ಪ ಕೊನೆಯವರೆಗೂ ಕೇಳಿಸಿಕೊಂಡು, "ನಂಗೂ ಒಳಗೆ ಉರೀತಾ ಐತೆ ಕಣಯ್ಯ. ಅದು ಅಸಿವು!" ಎಂದರು.

ಎಡೆಯ ಒಂದು ಪಾಲನ್ನು ಬಾಳೆಲೆಯಲ್ಲಿ ತಾರಸಿಗೆ ತಂದರು. ಬೇಯಿಸಿದ ಗೆಣಸು, ಮೊಳಕೆ ಹೆಸರುಕಾಳು, ಬೆಲ್ಲವೂ ಇಲ್ಲದ ಓಟ್ಸ್ ಪಾಯಸ, ಕಿನೊವಾ ಚಿತ್ರಾನ್ನ, ಅಕ್ರೋಟಿನ ನಾಲ್ಕು ಚೂರು. ಈ ಎಲೆಯನ್ನು ಕಾಗೆ ಮುಟ್ಟಬೇಕು. ಮುಟ್ಟಿದರೆ ಹೋದವರಿಗೆ ತೃಪ್ತಿಯಾಯಿತು ಎಂದರ್ಥ. ಅಲ್ಲಿಯವರೆಗೆ ಬಂದ ನೆಂಟರ‍್ಯಾರೂ ಊಟಕ್ಕೆ ಕೂರುವಂತಿಲ್ಲ.

ಮುನಿಆಂಜಿನಪ್ಪ ಎಲೆಯ ಮೇಲೆ ಬಗ್ಗಿ ನೋಡಿದರು.

"ಏನಯ್ಯಾ, ಇದು ಕಾಗೆಗಿಕ್ಕಿರೋದೋ, ಗಿಣಿಗೋ?"

"ಕಾ... ಕಾ..." ಎಂದು ಕರೆದರು. ಕಾಗೆಗಳೇನೋ ಇದ್ದವು. ಆದರೆ ಎಲ್ಲವೂ ಪಕ್ಕದ ಪೀಜಿಯ ತಾರಸಿಯಲ್ಲಿದ್ದವು! ಅಲ್ಲಿ ಕಾಲೇಜು ಹುಡುಗರು ಹಿಂದಿನ ದಿನದ ಗೋಬಿ ಮಂಚೂರಿಯ ಪೊಟ್ಟಣ ಬಿಸಾಕಿದ್ದರು. ಕಾಗೆಗಳು ಉರಿಯೂತದ ಮೇಲೆ ಮುಗಿಬಿದ್ದಿದ್ದವು.

ಬಹಳ ಹೊತ್ತಾದ ಮೇಲೆ ಒಂದೇ ಒಂದು ಕಾಗೆ ಈ ಕಡೆ ಹಾರಿತು. ದಪ್ಪಗಿತ್ತು. ಗೋಡೆಯ ಮೇಲಿಳಿದು ಎಲೆಯ ಬಳಿಗೆ ಕುಪ್ಪಳಿಸಿ ಬಂತು. ಅದು ಓಟ್ಸ್ ಪಾಯಸವನ್ನು ಒಂದು ಕಣ್ಣಿನಿಂದ ನೋಡಿತು. ಕತ್ತು ತಿರುಗಿಸಿ ಇನ್ನೊಂದು ಕಣ್ಣಿನಿಂದ ನೋಡಿತು. ಆಮೇಲೆ, ಏನೂ ತಿನ್ನದಿದ್ದರೂ, ಕೊಕ್ಕನ್ನು ಗೋಡೆಗೆ ಎರಡೂ ಕಡೆ ಒರೆಸಿಕೊಂಡು ಹಾರಿಹೋಗಿ ನೀರಿನ ಟ್ಯಾಂಕಿನ ಮೇಲೆ ಕುಳಿತಿತು.

"ಅದಕ್ಕೆ ಗೊತ್ತಾಗ್ತಿಲ್ಲ" ಎಂದರು ಸಿದ್ರಾಮಪ್ಪನವರು. "ಇದು ಬಹಳ ಒಳ್ಳೇದು" ಎಂದು ಟ್ಯಾಂಕಿನ ಕಡೆ ತಿರುಗಿ ಕಾಗೆಗೂ ಹೇಳಿದರು.

"ಲೇಖನ ತೋರಿಸ್ರಿ ಅದಕ್ಕ" ಎಂದರು ಗಂಗಾದೇವಿ.

ಬಿಸಿಲು ನೆತ್ತಿಗೆ ಬಂತು. ಕೆಳಗೆ ಮಕ್ಕಳು ಅಳತೊಡಗಿದವು. ಯಾರೋ ನೆಂಟರು ಮೆಲ್ಲನೆ ಚಪ್ಪಲಿ ಹುಡುಕುತ್ತಿದ್ದರು. ಮುನಿಆಂಜಿನಪ್ಪ ಮುಂಡಾಸು ತೆಗೆದು ಕಂಕುಳಲ್ಲಿಟ್ಟುಕೊಂಡು, ಆಕಾಶದ ಕಡೆ ಕೈಮುಗಿದರು. "ಅನಂತೂ, ಏನಪ್ಪಾ ಕೊರತೆ? ಯಾರ ಮ್ಯಾಲಪ್ಪಾ ಮುನಿಸು? ಇಂಗ್ ಮಾಡ್ಬೇಡ ಕಣೋ ಮಗಾ, ಮುಟ್ಬುಡೋ."

ಮುನಿಸು ಎಂಬ ಮಾತು ಕಿವಿಗೆ ಬಿದ್ದದ್ದೇ ವೇದಾ ತಾರಸಿಯ ಮೆಟ್ಟಿಲ ಮೇಲೆ ಕುಸಿದು ಕುಳಿತರು. ಅಳಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು.

"ನಂಗ್ ಗೊತ್ತಿತ್ತು" ಎಂದರು. "ಇರೋವಾಗ್ಲೂ ಸಪ್ಪೆ ಇಕ್ಕಿದೆ. ಸತ್ಮೇಲೂ ಸಪ್ಪೆನೇ ಇಕ್ಕಿದೆ."

ಸಿದ್ರಾಮಪ್ಪನವರ ಜೇಬಿನಲ್ಲಿದ್ದ ಕತ್ತರಿಕೆ ಆ ಕ್ಷಣದಲ್ಲಿ ಕಾಗದವಾಯಿತು. ಬರೀ ಕಾಗದ. ಗುಟ್ಟೂ ಬೇಡ, ಲೇಖನವೂ ಬೇಡ. ಅವರು ಗಂಟಲು ಸರಿಮಾಡಿಕೊಂಡು ಹೇಳಿದರು:

"ಬಜ್ಜಿ. ಅವನಿಗೆ ಬೇಕಾಗಿರೋದು ಮೆಣಸಿನಕಾಯಿ ಬಜ್ಜಿ."

ಎಲ್ಲರ ಕಣ್ಣೂ ಒಬ್ಬನ ಕಡೆ ತಿರುಗಿತು. ಲಕ್ಕಣ್ಣ ಅಲ್ಲೇ ಇದ್ದ! ಅನಂತರಾಜು ಅವರ ತಿಥಿಯೆಂದು ಆವತ್ತು ಗಾಡಿ ಮುಚ್ಚಿ, ಬಿಳಿ ಅಂಗಿ ತೊಟ್ಟು, ಊಟಕ್ಕೆ ಬಂದು ಉಪವಾಸ ನಿಂತಿದ್ದ.

"ಮಾಡ್ಕೊಡ್ತೀನಿ ಬಿಡಿ ಸಾರ್! ಕಡ್ಲೆಹಿಟ್ ಐತಾ? ಮೆಣಸಿನ್ಕಾಯ್ ಐತಾ? ಎಣ್ಣೆ ಎಲ್ಲೈತೆ?"

ಎಣ್ಣೆ! ಎರಡು ಮನೆಗಳಲ್ಲಿ ಹುಡುಕಿದರೂ ದೀಪಕ್ಕೆ ಹಾಕುವಷ್ಟೂ ಇರಲಿಲ್ಲ. ಸುಧಾರಣೆ ಅಷ್ಟು ಸಂಪೂರ್ಣವಾಗಿತ್ತು. ನೆಂಟರೆಲ್ಲ ಸುಧಾರಕರನ್ನು ನೋಡಿದರು. ಸುಧಾರಕರು ತಮ್ಮ ಕಾಲ ಹೆಬ್ಬೆರಳನ್ನು ನೋಡಿಕೊಂಡರು.

ಗಂಗಾದೇವಿ ಇಳಿದುಹೋದರು. ಬರುವಾಗ ಕೈಯಲ್ಲಿ ತುಂಬಿದ ಎಣ್ಣೆ ಕ್ಯಾನು!

"ಎಲ್ಲಿತ್ತು ಇದು?" ಸಿದ್ರಾಮಪ್ಪನವರು ದಂಗಾದರು.

"ನಿಮ್ಮ ಕಪಾಟಿನಾಗ. ವಿಶ್ವಕೋಶದ ಹಿಂದ."

"ವಿಶ್ವಕೋಶದ ಹಿಂದ?"

"ಅದನ್ನ ನೀವು ಎಂದೂ ತಗಿಯಂಗಿಲ್ಲ ಅಂತ ಗೊತ್ತಿತ್ರಿ."

ಆಯುಷ್ಯವಿಡೀ ಗ್ರಂಥಪಾಲಕರಾಗಿದ್ದವರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೀಳಲಾರದು. ಆದರೆ ನೋಯಲು ಪುರುಸೊತ್ತಿರಲಿಲ್ಲ. ಲಕ್ಕಣ್ಣ ತಾರಸಿಯಲ್ಲೇ ಒಲೆ ಹೂಡಿ ಬಾಣಲೆ ಇಟ್ಟ. ಮೊದಲ ಬಜ್ಜಿ ಎಣ್ಣೆಗೆ ಬಿದ್ದು ಚೊಂಯ್ ಎಂದಾಗ, ಕೆಳಗೆ ಅಳುತ್ತಿದ್ದ ಮಕ್ಕಳು ಸುಮ್ಮನಾದವು. ಚಪ್ಪಲಿ ಹುಡುಕುತ್ತಿದ್ದ ನೆಂಟರು ಚಪ್ಪಲಿ ಬಿಟ್ಟರು. ಪೀಜಿ ಹುಡುಗರು ಕಿಟಕಿಗೆ ಬಂದು, "ಮಗಾ, ಏನ್ ವಾಸ್ನೆ ಗುರು!" ಎಂದರು. ಟ್ಯಾಂಕಿನ ಮೇಲಿದ್ದ ಕಾಗೆ ನೆಟ್ಟಗೆ ಕುಳಿತಿತು.

ಗೆಣಸು, ಓಟ್ಸನ್ನೆಲ್ಲ ಪಕ್ಕಕ್ಕೆ ಸರಿಸಿ, ಹೊಂಬಣ್ಣದ ಬಜ್ಜಿಗಳನ್ನು ಎಲೆಯ ನಡುವೆ ಜೋಡಿಸಿಟ್ಟು ಎಲ್ಲರೂ ಹಿಂದೆ ಸರಿದರು. ಕಾಗೆ ಹಾರಿ ಬಂತು. ಎಲೆಯ ಅಂಚಿನಲ್ಲಿ ಇಳಿಯಿತು. ಬಜ್ಜಿಯನ್ನು ನೋಡಿತು.

ಮುಟ್ಟಲಿಲ್ಲ!

ಎಲೆಯನ್ನು ಒಂದು ಸುತ್ತು ಬಂದು, ಮನುಷ್ಯರ ಮುಖಗಳನ್ನು ಒಂದೊಂದಾಗಿ ನೋಡಿ, ಯಾರನ್ನೋ ಹುಡುಕುವ ಹಾಗೆ ಕತ್ತು ಹೊರಳಿಸಿ, ಮತ್ತೆ ಟ್ಯಾಂಕಿಗೇ ಹೋಯಿತು. ಬಾಣಲೆಯ ಎಣ್ಣೆ ಮಾತ್ರ ಮಾತಾಡುತ್ತಿತ್ತು. ಬಜ್ಜಿ ಬಿಟ್ಟು ಹೋಗುವ ಕಾಗೆಯನ್ನು ಮುನಿಆಂಜಿನಪ್ಪ ತಮ್ಮ ಆಯುಷ್ಯದಲ್ಲೇ ಕಂಡಿರಲಿಲ್ಲ.

ವೇದಾ ಈಗ ಅತ್ತರು. ಬಾಯಿಗೆ ಸೆರಗು ಒತ್ತಿಕೊಂಡು, ಸದ್ದಿಲ್ಲದೆ. "ಬಜ್ಜಿ ತಿನ್ನಲ್ಲ ಅಂತ ಆಣೆ ಹಾಕ್ಸಿದ್ನಲ್ಲ. ಅದನ್ನೇ ಇನ್ನೂ ಹಿಡ್ಕೊಂಡಿದ್ದಾರೆ. ನನ್ ಮೇಲಿನ್ ಕೋಪಕ್ಕೆ."

"ಕೋಪ ಅಲ್ಲ ವೇದಮ್ಮ!" ಸಿದ್ರಾಮಪ್ಪನವರಿಗೆ ತಡೆಯಲಾಗಲಿಲ್ಲ. "ಅವನು ನಿಮಗೆ ಕೊಟ್ಟ ಮಾತು ಒಂದು ದಿನವೂ ಮುರೀಲಿಲ್ಲ. ತಟ್ಟೆ ಹಿಡಿಯಲ್ಲ ಅಂದಿದ್ದ, ಹಿಡೀಲಿಲ್ಲ. ಆದ್ರೆ ಬಜ್ಜಿನೂ ಬಿಡ್ಲಿಲ್ಲ!"

ವೇದಾ ತಲೆಯೆತ್ತಿದರು.

"ನನ್ನ ತಟ್ಟೆಯಿಂದ ತಿಂತಿದ್ದ! ದಿನಾ! ಒಂದು ದಿನವೂ ಕೇಳಿ ತಗೊಂಡವನಲ್ಲ. ಕೇಳಿ ತಗೊಂಡ್ರೆ ಆಣೆ ಮುರಿದಂಗೆ, ಕದ್ದು ತಿಂದ್ರೆ ಲೆಕ್ಕಕ್ಕಿಲ್ಲ ಅಂತ ಇರ್ಬೇಕು! ಅವನದ್ದೇ ಒಂದು ಶಾಸ್ತ್ರ. ನೋಡ್ರಿ, ಹಿಂಗ..."

ತೋರಿಸಿಕೊಡಲೆಂದು ಅವರು ಲಕ್ಕಣ್ಣನ ಕೈಯಿಂದ ಒಂದು ತಟ್ಟೆ ಬಜ್ಜಿ ಇಸಿದುಕೊಂಡು, ತಾರಸಿಯ ಗೋಡೆಗೆ ಬೆನ್ನು ಕೊಟ್ಟು, ದಿನಾ ಗಾಡಿಯ ಪಕ್ಕ ನಿಲ್ಲುತ್ತಿದ್ದ ಹಾಗೆಯೇ ನಿಂತರು. ವರ್ಷದ ಮೇಲೆ ಕೈಗೆ ಆ ತಟ್ಟೆಯ ಬಿಸಿ ತಾಗಿತು. ಬಲಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ ತಾನಾಗಿಯೇ ಬಿಟ್ಟಿದ್ದರು.

"ನಾನು ಹಿಂಗ ನಿಂತಿರ್ತಿದ್ದೆ. ಅವನು ಇಲ್ಲಿ. ಏನೋ ಊರ ಸುದ್ದಿ ಹೇಳ್ತಾ ಹೇಳ್ತಾ ಇದ್ದಕ್ಕಿದ್ದಂಗೆ ಕೈ ಮೇಲೆ ಮಾಡಿ, 'ಅಲ್ನೋಡು ಗುರು, ವಿಮಾನ!' ಅಂತಿದ್ದ. ನಾನು ತಲೆ ಎತ್ತಿ ನೋಡ್ತಿದ್ದೆ..."

ಅದೇ ಹೊತ್ತಿಗೆ ಸರಿಯಾಗಿ ಜಕ್ಕೂರಿನ ವಿಮಾನ ಮೈದಾನದ ಕಡೆಯಿಂದ ಒಂದು ತರಬೇತಿ ವಿಮಾನ, ಹಳೇ ಹೊಲಿಗೆ ಯಂತ್ರದಂತೆ ಸದ್ದು ಮಾಡುತ್ತ, ಮತ್ತಿಕೆರೆಯ ನೆತ್ತಿಯ ಮೇಲೆ ಬಂತು. ಸಿದ್ರಾಮಪ್ಪನವರು ಅಭ್ಯಾಸಬಲದಿಂದ ತಲೆ ಎತ್ತಿದರು.

ರಪ್!

ಒಂದು ಕಪ್ಪು ರೆಕ್ಕೆ ಕೆನ್ನೆಗೆ ತಾಗಿತು. ತಲೆ ತಗ್ಗಿಸುವಷ್ಟರಲ್ಲಿ ತಟ್ಟೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಬಜ್ಜಿ ಇರಲಿಲ್ಲ. ಅದು ಕಾಗೆಯ ಕೊಕ್ಕಿನಲ್ಲಿತ್ತು, ಕಾಗೆ ಟ್ಯಾಂಕಿನ ಮೇಲಿತ್ತು. ಎಲೆಯ ಮೇಲೆ ರಾಶಿ ಬಿದ್ದಿದ್ದ ಬಜ್ಜಿಗಳನ್ನು ಅದು ತಿರುಗಿಯೂ ನೋಡಲಿಲ್ಲ.

ಲಕ್ಕಣ್ಣ ಜಾಲರಿ ಸೌಟು ಎತ್ತಿ ಹಿಡಿದು ಹಾಗೇ ನಿಂತಿದ್ದ. ಗಂಗಾದೇವಿಯ ಕೈ ತಾನಾಗಿ ಎದೆಯ ಮೇಲೆ ಹೋಗಿತ್ತು. ಸಿದ್ರಾಮಪ್ಪನವರ ತೋಳಿನ ಮೇಲೆ ರೋಮ ಎದ್ದು ನಿಂತಿತು. ಅವರು ದೇವರು, ದೆವ್ವ, ಶಕುನ ಎಲ್ಲವನ್ನೂ ಪುಸ್ತಕದಲ್ಲಿ ಓದಿ ಮುಗಿಸಿದವರು. ಕಾಗೆ ಹಸಿದಿತ್ತು, ಕೈಯಲ್ಲಿದ್ದ ಬಜ್ಜಿ ಎತ್ತರದಲ್ಲಿತ್ತು ಎಂದು ಬುದ್ಧಿ ಏನೇನೋ ಹೇಳಹೊರಟಿತು. ಅವರು ಬುದ್ಧಿಗೆ ಸುಮ್ಮನಿರು ಎಂದರು.

ಮೊದಲು ಬಾಯಿ ಬಂದದ್ದು ಮುನಿಆಂಜಿನಪ್ಪನವರಿಗೆ.

"ನಮ್ ಅನಂತೂನೇ ಕಣ್ರಲಾ! ಕಳ್ ನನ್ಮಗ! ಸತ್ರೂ ಬುದ್ಧಿ ಬಿಡ್ನಿಲ್ಲ!"

ವೇದಾ ಅಳುತ್ತಿದ್ದವರು ನಕ್ಕರು. ಅಳು ನಿಲ್ಲಿಸಿ ನಕ್ಕದ್ದಲ್ಲ, ಎರಡೂ ಒಟ್ಟಿಗೇ ಬಂದವು. "ಮನೆಗ್ ಬಂದು 'ಇವತ್ತೂ ತಟ್ಟೆ ಹಿಡೀಲಿಲ್ಲ ಕಣೇ' ಅಂತ ಎಷ್ಟ್ ಜಂಬದಲ್ಲಿ ಹೇಳೋರು ಅಣ್ಣ! ನಾನು ಪಾಪ ಅಂತ ತಲೆ ಸವರ‍್ತಿದ್ದೆ!" ಸಿದ್ರಾಮಪ್ಪನವರೂ ನಗತೊಡಗಿದರು. ವರ್ಷದಿಂದ ಬಾರದಿದ್ದ ನಗು ಹೊಟ್ಟೆ ಹಿಡಿಸಿ, ಕಣ್ಣಲ್ಲಿ ನೀರು ತರಿಸಿ, ಆಮೇಲೆ ಬರೀ ನೀರಾಗಿ ಹರಿಯಿತು. ಕೆಳಗೆ ನೆಂಟರು ಪಂಕ್ತಿಗೆ ಕೂತರು. ಬೆಂಗಳೂರಿನ ಮೊದಲ ಉರಿಯೂತರಹಿತ ತಿಥಿಯಲ್ಲಿ ಕಿನೊವಾ ಹಾಗೇ ಉಳಿಯಿತು. ಬಜ್ಜಿ ಒಂದೂ ಉಳಿಯಲಿಲ್ಲ.

ಸಂಜೆ ಮಹಡಿಗೆ ಮರಳಿದ ಮೇಲೆ ಸಿದ್ರಾಮಪ್ಪನವರು ಕುರ್ಚಿಯಲ್ಲಿ ಒರಗಿ ಮೀಸೆಯ ಮೇಲೆ ಕೈಯಾಡಿಸಿದರು. ದಿನವಿಡೀ ತಿಂದ ಪೆಟ್ಟಿಗೆ ಸ್ವಲ್ಪ ಮುಲಾಮು ಬೇಕಾಗಿತ್ತು.

"ಏನೇ ಆಗ್ಲಿ ಗಂಗಾ, ಇಷ್ಟು ವರ್ಷ ನನ್ನ ತಟ್ಟಿಯಾಗಿನ ಅರ್ಧಾ ಅವನಿಗಿ ಬಿಟ್ಟುಕೊಟ್ಟೆ. ಕಂಡೂ ಕಾಣದಂಗ ಆಕಾಶ ನೋಡಿದೆ. ಗೆಳೆತನ ಅಂದ್ರ ಹಿಂಗಿರಬೇಕು!"

ಗಂಗಾದೇವಿ ವಿಶ್ವಕೋಶವನ್ನು ಮತ್ತೆ ಜೋಡಿಸುತ್ತಿದ್ದವರು ತಿರುಗಿದರು.

"ಒಂದು ಮಾತು ಹೇಳ್ಲ್ಯಾ? ಸಿಟ್ಟಾಗಬ್ಯಾಡ್ರಿ."

"ಹೇಳು."

"ನಿಮಗ ಕೊಲೆಸ್ಟ್ರಾಲ್ ಅದ ಅಂತ ಡಾಕ್ಟ್ರು ಹೇಳಿದ್ರಲ್ಲ. ಬಜ್ಜಿ ಬಿಡ್ರಿ ಅಂದ್ರ ನೀವು ಕೇಳ್ಲಿಲ್ಲ. ಅದಕ್ಕ ನಾನೇ ಅನಂತಣ್ಣಗ ಹೇಳಿದ್ದೆ. 'ಅಣ್ಣಾ, ಇವ್ರು ಮಾತು ಕೇಳೋ ಮಂದಿ ಅಲ್ಲ. ತಟ್ಟಿಯಾಗ ಅರ್ಧಾ ನೀವೇ ಹ್ಯಾಂಗಾರ ಖಾಲಿ ಮಾಡ್ರಿ, ಇವ್ರಿಗೆ ಗೊತ್ತಾಗಬಾರದು' ಅಂತ."

ಸಿದ್ರಾಮಪ್ಪನವರ ಕೈ ಮೀಸೆಯ ಮೇಲೆಯೇ ನಿಂತಿತು.

"ಏನಂದ ಅವನು?"

"'ಅಯ್ಯೋ ತಾಯಿ, ನಂಗ್ ಶುಗರ್, ಬೇರೆ ಯಾರಿಗಾದ್ರೂ ಹೇಳಿ' ಅಂದ್ರು. ಆಮ್ಯಾಲೆ ಎರಡು ಮೆಟ್ಟಿಲು ಇಳದವ್ರು ತಿರುಗಿ ಬಂದು, 'ಆಗ್ಲಿ ಬಿಡಿ. ನಮ್ ಗುರು ಆರೋಗ್ಯಕ್ಕೋಸ್ಕರ ತಿಂತೀನಿ' ಅಂದ್ರು. ಬಾಯಾಗ ಆಗಲೇ ನೀರು ಬಂದಿತ್ರಿ ಅವ್ರಿಗೆ!"

ಹೊರಗೆ ಕತ್ತಲಾಗುತ್ತಿತ್ತು. ದಿನಾ ತಾನು ಗೆಳೆಯನಿಗೆ ಉಪಕಾರ ಮಾಡುತ್ತಿದ್ದೇನೆಂದು ಆಕಾಶ ನೋಡಿದ ಮನುಷ್ಯ, ಅಷ್ಟು ವರ್ಷವೂ ಗೆಳೆಯನ ಪಥ್ಯದಲ್ಲಿದ್ದ! ಲೇಖನ ಬರೆದ ವಿದ್ವಾಂಸರು ಸೊಪ್ಪು, ಕಾಳು, ಬೀಜ ಎಲ್ಲವನ್ನೂ ಹೆಸರಿಸಿದ್ದರು. ತಟ್ಟೆಗೆ ಕೈ ಹಾಕುವ ಪಕ್ಕದವನ ಬಗ್ಗೆ ಒಂದಕ್ಷರ ಬರೆದಿರಲಿಲ್ಲ. ಅಥವಾ ಅದು ರೊಟ್ಟಿಯ ಅಡಿಗೆ ಹೋದ ಹಾಳೆಯಲ್ಲಿತ್ತೋ ಏನೋ.

ಮಾರನೆಯ ಸಂಜೆ ಮೆಟ್ಟಿಲ ಹತ್ತಿರ ಕೂಗು ಕೇಳಿತು. "ಸಿದ್ರಾಮಣ್ಣ, ಇಳೀತೀರೋ, ನಾನೇ ಹತ್ಲೋ?" ಕೆಳಗೆ ವೇದಾ ಚಪ್ಪಲಿ ಮೆಟ್ಟಿ ನಿಂತಿದ್ದರು, ಪಕ್ಕದಲ್ಲಿ ಗಂಗಾದೇವಿ. ಮೂವರೂ ಎಮ್ಮೆ ಕಟ್ಟುತ್ತಿದ್ದ ಎಟಿಎಂ ದಾಟಿ ಬಸ್ ನಿಲ್ದಾಣದ ಮೂಲೆಗೆ ನಡೆದರು. ಲಕ್ಕಣ್ಣ ತಟ್ಟೆ ಕೈಗಿಟ್ಟ. "ನಿಮಗೆ?" ಎಂದು ಸಿದ್ರಾಮಪ್ಪನವರು ಕೇಳಿದರು.

"ನಂಗ್ ಬೇಡಪ್ಪ" ಎಂದರು ವೇದಾ.

"ನನಗೂ ಬ್ಯಾಡ್ರಿ" ಎಂದರು ಗಂಗಾದೇವಿ.

ಸ್ವಲ್ಪ ಹೊತ್ತು ಊರ ಸುದ್ದಿ ನಡೆಯಿತು. ಇದ್ದಕ್ಕಿದ್ದ ಹಾಗೆ ವೇದಾ ಕೈ ಮೇಲೆ ಮಾಡಿದರು.

"ಅಲ್ನೋಡಿ ಅಣ್ಣ, ವಿಮಾನ!"

ವಿಮಾನ ಇರಲಿಲ್ಲ. ಸದ್ದೂ ಇರಲಿಲ್ಲ. ಸಿದ್ರಾಮಪ್ಪನವರಿಗೆ ಅದು ಗೊತ್ತಿತ್ತು. ಆದರೂ ತಲೆ ಎತ್ತಿ, ಖಾಲಿ ಆಕಾಶವನ್ನು ಕಣ್ಣು ತುಂಬ ನೋಡಿದರು. ತಲೆ ತಗ್ಗಿಸಿದಾಗ ಇಬ್ಬರು ಹೆಂಗಸರೂ ಗಂಭೀರವಾಗಿ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರು. ಇಬ್ಬರ ಕೆನ್ನೆಯೂ ಉಬ್ಬಿತ್ತು. ತಟ್ಟೆಯಲ್ಲಿ ಉಳಿದದ್ದು ಮೆಣಸಿನಕಾಯಿಯ ಒಂದು ತೊಟ್ಟು.

"ಅವನು ಅರ್ಧಾನಾದ್ರೂ ಬಿಡ್ತಿದ್ದ ಕಣ್ರಿ!" ಎಂದರು ಸಿದ್ರಾಮಪ್ಪನವರು.